ಇ-ಆಟೊ ಕೊಳ್ಳುವ ಮೊದಲು ಮನೆಯ ಪ್ಲಗ್ಗು ನೋಡಿರಿ

ಶೋರೂಮಿನವರು ಮೈಲೇಜು ಹೇಳುತ್ತಾರೆ, ಕಂತು ಹೇಳುತ್ತಾರೆ, ಬಣ್ಣ ತೋರಿಸುತ್ತಾರೆ. ಗಾಡಿ ರಾತ್ರಿ ಎಲ್ಲಿ ನಿಲ್ಲುತ್ತದೆ, ಯಾವ ವಾಯರಿನಿಂದ ಕರೆಂಟ್ ಎಳೆಯುತ್ತದೆ ಎಂದು ಯಾರೂ ಕೇಳುವುದಿಲ್ಲ. ವಿಜಯಪುರದಂಥ ಊರಲ್ಲಿ ಇ-ಆಟೊ ಕೈ ಹಿಡಿಯುತ್ತದೋ ಕೈ ಕೊಡುತ್ತದೋ ಎಂಬುದು ಬಹಳ ಮಟ್ಟಿಗೆ ಅಲ್ಲೇ ತೀರ್ಮಾನವಾಗುತ್ತದೆ. ಪ್ಲಗ್ಗು ಕರಗುವುದು, ಅರ್ಥಿಂಗ್ ಇಲ್ಲದೆ ಚಾರ್ಜರ್ ಸುಡುವುದು, ಏಪ್ರಿಲ್ ಬಿಸಿಲಲ್ಲಿ ಓಡಿ ಬಂದ ಗಾಡಿಯನ್ನು ಆಗಲೇ ಚಾರ್ಜಿಗೆ ಹಚ್ಚಿ ಬ್ಯಾಟರಿಯ ಆಯುಷ್ಯ ಕಳೆಯುವುದು, ಇವು ಯಾವುವೂ ಗಾಡಿಯ ದೋಷವಲ್ಲ. ಹಾಗಾಗಿ ಇಲ್ಲಿ ಕ್ರಮ ಉಲ್ಟಾ: ಮೊದಲು ನಿಮ್ಮ ಓಟದ ಲೆಕ್ಕ, ಆಮೇಲೆ ಪ್ಲಗ್ಗು, ಗಾಡಿಯ ಮಾತು ನಂತರ.

ದಿನಕ್ಕೆ ಎಷ್ಟು ಓಡುತ್ತೀರಿ?

ಈಗಿರುವ ಆಟೊದ ಕಿಲೋಮೀಟರ್ ರೀಡಿಂಗನ್ನು ಒಂದು ವಾರ ಬೆಳಗ್ಗೆ ಮತ್ತು ರಾತ್ರಿ ಬರೆದಿಡಿರಿ. ಸರಾಸರಿ ಬೇಡ, ಅತಿ ಹೆಚ್ಚು ಓಡಿದ ದಿನವೇ ಲೆಕ್ಕಕ್ಕೆ ಬರುವುದು. ಸ್ಟೇಷನ್, ಗಾಂಧಿ ಚೌಕ, ಬಸ್ ಸ್ಟ್ಯಾಂಡು, ಸೋಲಾಪುರ ರಸ್ತೆಯ ಆಸ್ಪತ್ರೆ ಎಂದು ಊರೊಳಗೇ ಸುತ್ತುವವರ ಲೆಕ್ಕ ಬೇರೆ, ತೊರವಿಯ ಮಹಿಳಾ ವಿಶ್ವವಿದ್ಯಾಲಯದ ತನಕ ಸೀಟು ಹೊಡೆಯುವವರ ಲೆಕ್ಕ ಬೇರೆ.

ಮೂರು ಸೀಟಿನ ಇ-ಆಟೊ ಒಂದು ಕಿ.ಮೀ.ಗೆ ಸುಮಾರು 55ರಿಂದ 75 ವ್ಯಾಟ್-ಅವರ್ ತಿನ್ನುತ್ತದೆ (ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಕಿಲೋವ್ಯಾಟ್-ಅವರ್, ಅಂದರೆ ಬಿಲ್ಲಿನ ಒಂದು ಯೂನಿಟ್). ವಿಜಯಪುರದ ರಸ್ತೆ ಬಹುಪಾಲು ಸಪಾಟು, 65 ಎಂದು ಹಿಡಿಯಿರಿ. ಬೆಳಗಾವಿಯ ಏರಿಳಿತಕ್ಕೆ 75 ಹಿಡಿಯುವುದು ಒಳ್ಳೆಯದು. ಬಾಗಲಕೋಟೆಯಲ್ಲಿ ಹಳೇ ಊರಿಗೂ ನವನಗರಕ್ಕೂ ನಡುವೆ ಓಡಾಡುವವರು ಖಾಲಿ ವಾಪಸ್ ಬರುವ ಓಟವನ್ನೂ ಸೇರಿಸಲೇಬೇಕು.

ಹೆಚ್ಚಿನ ಓಟ 95 ಕಿ.ಮೀ. ಎಂದುಕೊಳ್ಳಿರಿ. 95 × 65 = ಸುಮಾರು 6.2 ಕಿಲೋವ್ಯಾಟ್-ಅವರ್, ಅಂದರೆ ಬ್ಯಾಟರಿಯಿಂದ ಖರ್ಚಾಗುವ 6.2 ಯೂನಿಟ್. ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, 20% ಉಳಿಯಬೇಕು. ಹಾಗಾದರೆ 7.7 ಬೇಕು. ಮೂರ್ನಾಲ್ಕು ವರ್ಷದಲ್ಲಿ ಬ್ಯಾಟರಿಯ ಸಾಮರ್ಥ್ಯ 80%ಗೆ ಇಳಿಯಬಹುದು, ಆಗಲೂ ಅದೇ ಓಟ ಬೇಕೆಂದರೆ 9.6. ಮಾರುಕಟ್ಟೆಯಲ್ಲಿ ಸಿಗುವುದು ಹೆಚ್ಚಾಗಿ 7ರಿಂದ 9 ಯೂನಿಟ್ ಆಸುಪಾಸಿನ ಬ್ಯಾಟರಿ. ಅಂದಮೇಲೆ ಇಂಥ ಚಾಲಕರು ಚಿಕ್ಕ ಬ್ಯಾಟರಿಯ ಗಾಡಿ ಕೊಂಡರೆ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಾಗ ಒಂದು ತಾಸು ಚಾರ್ಜ್ ಹಚ್ಚಬೇಕಾಗುತ್ತದೆ. ಅದು ಆಗದ ಮಾತಾದರೆ ದೊಡ್ಡ ಬ್ಯಾಟರಿಗೇ ಹೋಗಬೇಕು. ಬ್ರೋಷರಿನಲ್ಲಿರುವ 130, 170 ಕಿ.ಮೀ. ಎಂಬುದು ಪರೀಕ್ಷಾ ಕೇಂದ್ರದ ಅಂಕಿ. ಮೂರು ಮಂದಿ ಕೂತು, ಹತ್ತು ಹೆಜ್ಜೆಗೊಮ್ಮೆ ಬ್ರೇಕ್ ಹಾಕುತ್ತ ಓಡುವಾಗ ಅದು ಸಿಗುವುದಿಲ್ಲ.

ದಿನಕ್ಕೆ 50 ಕಿ.ಮೀ. ಕೂಡ ಓಡದವರು ಸಾಲ ಮಾಡಿ ಇ-ಆಟೊ ಕೊಳ್ಳಲು ಅವಸರ ಮಾಡುವುದು ಬೇಡ. ಉಳಿತಾಯ ಬರುವುದು ಓಟದಿಂದ, ಗಾಡಿಯಿಂದಲ್ಲ.

ಪ್ಲಗ್ಗಿನ ಕೆಲಸ

ಇ-ಆಟೊದ ಚಾರ್ಜರ್ ಸಾಮಾನ್ಯವಾಗಿ 16 ಆಂಪಿಯರ್ ಪ್ಲಗ್ಗಿನದು. 3 ಕಿಲೋವ್ಯಾಟ್ ಔಟ್‌ಪುಟ್ ಇರುವ ಚಾರ್ಜರ್ 230 ವೋಲ್ಟಿಗೆ ಸುಮಾರು 14.5 ಆಂಪಿಯರ್ ಎಳೆಯುತ್ತದೆ. ಮಿಕ್ಸರ್, ಇಸ್ತ್ರಿ ಪೆಟ್ಟಿಗೆ ಹತ್ತು ನಿಮಿಷ ಎಳೆದು ಬಿಡುತ್ತವೆ. ಇದು ಮೂರು-ನಾಲ್ಕು ತಾಸು ಬಿಡುವಿಲ್ಲದೆ ಎಳೆಯುತ್ತದೆ. ಹಳೇ ಮನೆಯ ವಾಯರಿಂಗು ಸೋಲುವುದು ಈ ಬಿಡುವಿಲ್ಲದ ಎಳೆತಕ್ಕೆ.

ಇನ್ನೊಂದು ವಿಷಯವನ್ನು ವಾಯರ್‌ಮನ್‌ಗಳೂ ಕೆಲವೊಮ್ಮೆ ಮರೆಯುತ್ತಾರೆ. ವೋಲ್ಟೇಜ್ ಇಳಿದರೆ ಬಲ್ಬು ಮಂಕಾಗುತ್ತದೆ, ಆದರೆ ಚಾರ್ಜರ್ ಮಂಕಾಗುವುದಿಲ್ಲ. ಅದು ಅಷ್ಟೇ ವ್ಯಾಟ್ ಬೇಕೆಂದು ಆಂಪಿಯರ್ ಹೆಚ್ಚಿಸಿಕೊಳ್ಳುತ್ತದೆ. ಲೈನಿನ ತುದಿಯಲ್ಲಿರುವ ಬಡಾವಣೆಗಳಲ್ಲಿ ಸಂಜೆ 180 ವೋಲ್ಟಿಗೆ ಇಳಿದಾಗ ಅದೇ ಚಾರ್ಜರ್ 18 ಆಂಪಿಯರ್ ಎಳೆಯಲು ನೋಡುತ್ತದೆ. 16 ಆಂಪಿಯರ್ ಸಾಕೆಟ್ ಬಿಸಿಯಾಗಿ ಕಪ್ಪಾಗುವುದು ಹೀಗೆ. ಪ್ಲಗ್ಗು ಸುಟ್ಟಾಗ ಪ್ಲಗ್ಗಿನ ಕಂಪನಿಯನ್ನು ಬೈಯುವ ಮೊದಲು ಸಂಜೆ ಏಳರಿಂದ ಹತ್ತರೊಳಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿರಿ. 200ಕ್ಕಿಂತ ಕೆಳಗಿದ್ದರೆ ಆ ಹೊತ್ತಲ್ಲಿ ಚಾರ್ಜ್ ಬೇಡ.

ವಾಯರಿಂಗ್ ಹೀಗಿರಲಿ. ಮೀಟರ್ ಬೋರ್ಡಿನಿಂದ ಗಾಡಿ ನಿಲ್ಲುವ ಜಾಗಕ್ಕೆ ಪ್ರತ್ಯೇಕ ಲೈನು, ನಡುವೆ ಎಲ್ಲಿಯೂ ಜೋಡಣೆ ಇಲ್ಲದ 4 ಚದರ ಮಿ.ಮೀ. ತಾಮ್ರದ ವಾಯರು. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಅದೇ ದಪ್ಪ. ಮನೆಯ ಲೈಟ್ ಪಾಯಿಂಟಿಗೆ ಹಾಕುವ 1.5ರ ವಾಯರಿನಲ್ಲಿ 20 ಮೀಟರ್ ದೂರಕ್ಕೆ 14 ಆಂಪಿಯರ್ ಹರಿಸಿದರೆ ಸುಮಾರು 7 ವೋಲ್ಟ್ ಕಳೆದು, 95 ವ್ಯಾಟ್ ಶಾಖ ಗೋಡೆಯೊಳಗೇ ಇಳಿಯುತ್ತದೆ. 4ರ ವಾಯರಿನಲ್ಲಿ ಇದೇ ನಷ್ಟ ಎರಡೂವರೆ ವೋಲ್ಟಿಗೆ ನಿಲ್ಲುತ್ತದೆ. ವಾಯರಿನ ದರದ ವ್ಯತ್ಯಾಸ ಒಂದು ಸುಟ್ಟ ಚಾರ್ಜರಿನ ಮುಂದೆ ಏನೂ ಅಲ್ಲ.

ಬೋರ್ಡಿನಲ್ಲಿ ಎರಡು ಸಾಮಾನು ಬೇಕು. ಒಂದು, ಸಿ-ಕರ್ವ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು), 16 ಆಂಪಿಯರಿನದು. ಚಾರ್ಜರಿನ ಲೇಬಲ್ಲಿನಲ್ಲಿ ಇನ್‌ಪುಟ್ ಕರೆಂಟ್ 16ರ ಹತ್ತಿರವೇ ಇದ್ದರೆ ಎಂಸಿಬಿ, ಪ್ಲಗ್ಗು, ಸಾಕೆಟ್ ಮೂರನ್ನೂ 20 ಆಂಪಿಯರಿನದೇ ಹಾಕಿಸಿರಿ. ಎಸಿ ಯಂತ್ರಕ್ಕೆ ಮಾರುವ ಲೋಹದ ಪೆಟ್ಟಿಗೆಯ ಸೆಟ್ಟು ಇದಕ್ಕೆ ಹೊಂದುತ್ತದೆ. ಆದರೆ ಚಾರ್ಜರಿನ ಪ್ಲಗ್ಗು ಕತ್ತರಿಸಿ ಬದಲಿಸುವ ಮೊದಲು ಡೀಲರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿರಿ, ಇಲ್ಲವಾದರೆ ವಾರಂಟಿಗೆ ಅದೇ ನೆಪವಾಗುತ್ತದೆ. ಎರಡು, 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು), ಟೈಪ್-ಎ. ಅಂಗಡಿಯವರು ಸಾಮಾನ್ಯವಾಗಿ ಟೈಪ್-ಎಸಿ ಕೊಟ್ಟುಬಿಡುತ್ತಾರೆ. ಚಾರ್ಜರಿನಂಥ ಎಲೆಕ್ಟ್ರಾನಿಕ್ ಲೋಡಿನ ಸೋರಿಕೆ ಕರೆಂಟನ್ನು ಅದು ಸರಿಯಾಗಿ ಗುರುತಿಸದೇ ಹೋಗಬಹುದು. ಪೆಟ್ಟಿಗೆಯ ಮೇಲಿನ ಗುರುತು ಓದಿಯೇ ಕೊಳ್ಳಿರಿ.

ಎಂಸಿಬಿ ಪದೇಪದೇ ಬಿದ್ದರೆ 32ರದ್ದು ಹಾಕಿಸುವ ಚಾಳಿ ಬಿಡಬೇಕು. ಬೀಳುವುದೇ ಅದರ ಕೆಲಸ. ಸಡಿಲ ಸ್ಕ್ರೂ, ಇಳಿದ ವೋಲ್ಟೇಜ್, ಬಿಸಿಲು ಬೀಳುವ ಗೋಡೆಯ ಮೇಲಿನ ಬೋರ್ಡು, ಹೆಚ್ಚಾಗಿ ಈ ಮೂರರಲ್ಲಿ ಕಾರಣ ಸಿಗುತ್ತದೆ.

ಎಕ್ಸ್‌ಟೆನ್ಷನ್ ಬೋರ್ಡಿನ ಮಾತೇ ಬೇಡ. ಎರಡನೇ ಮಹಡಿಯಿಂದ ವಾಯರು ಇಳಿಬಿಟ್ಟು ಚಾರ್ಜ್ ಹಚ್ಚುವುದೂ ಬೇಡ. ಬಾಡಿಗೆ ಮನೆಯಲ್ಲಿ ಕೆಳಗೆ ಜಾಗ ಇಲ್ಲದವರು ನಾಲ್ಕೈದು ಮಂದಿ ಸೇರಿ ಗ್ಯಾರೇಜು ಅಥವಾ ಖಾಲಿ ಜಾಗ ಬಾಡಿಗೆಗೆ ಹಿಡಿದು, ಒಂದೇ ಮೀಟರು, ಪ್ರತಿ ಗಾಡಿಗೆ ಪ್ರತ್ಯೇಕ ಸಬ್-ಮೀಟರು ಹಾಕಿಸುವುದು ಲೇಸು.

ಅರ್ಥಿಂಗ್: ಎರೆ ಮಣ್ಣಿನ ಪಂಚಾಯ್ತಿ

ವಿಜಯಪುರದ ನೆಲ ಮೇಲೆ ಎರೆ, ಕೆಳಗೆ ಕರಿಕಲ್ಲು. ಮಳೆಗಾಲದಲ್ಲಿ ಎರೆ ಮಣ್ಣು ಅರ್ಥಿಂಗಿಗೆ ಬಹಳ ಒಳ್ಳೆಯದು, ನೀರು ಹಿಡಿದಿಟ್ಟುಕೊಳ್ಳುತ್ತದೆ. ಮಾರ್ಚ್ ಬಂತೆಂದರೆ ಬಿರುಕು ಬಿಟ್ಟು ಪೈಪಿನ ಮೈಯಿಂದಲೇ ದೂರ ಸರಿಯುತ್ತದೆ. ಜುಲೈನಲ್ಲಿ ಸರಿ ಇದ್ದ ಅರ್ಥಿಂಗು ಏಪ್ರಿಲ್‌ನಲ್ಲಿ ಕೈಕೊಡುವುದು ಇದಕ್ಕೇ. ಪರೀಕ್ಷೆ ಮಾಡುವುದಾದರೆ ಬೇಸಿಗೆಯಲ್ಲೇ ಮಾಡಬೇಕು.

ಪೈಪ್ ಅರ್ಥಿಂಗಿಗೆ ಕನಿಷ್ಠ 38 ಮಿ.ಮೀ. ಒಳವ್ಯಾಸದ, 2.5 ಮೀಟರ್ ಉದ್ದದ ಜಿಐ ಪೈಪು ಬೇಕು. ಬಿರುಕು ಬಿಡುವ ಮೇಲ್ಪದರದಿಂದ ಕೆಳಗಿರುವ ಭಾಗವೇ ಬೇಸಿಗೆಯಲ್ಲಿ ಕೆಲಸಕ್ಕೆ ಬರುವುದು, ಆದ್ದರಿಂದ ಉದ್ದದಲ್ಲಿ ರಾಜಿ ಬೇಡ. ನಾಲ್ಕಡಿಗೇ ಕಲ್ಲು ಸಿಕ್ಕಿತೆಂದು ಪೈಪು ಕತ್ತರಿಸಿ ಹುಗಿದು ಹೋಗುವ ವಾಯರ್‌ಮನ್‌ಗಳಿದ್ದಾರೆ. ಹಾಗೆ ಕಲ್ಲು ಸಿಕ್ಕರೆ ಅಡ್ಡಲಾಗಿ ಕಾಲುವೆ ತೋಡಿ ಜಿಐ ಪಟ್ಟಿ ಹುಗಿಯಬೇಕು, ಇಲ್ಲವೇ ಎರಡೂವರೆ-ಮೂರು ಮೀಟರ್ ಅಂತರದಲ್ಲಿ ಎರಡು ಗುಂಡಿ ಮಾಡಿ ಒಂದಕ್ಕೊಂದು ಜೋಡಿಸಬೇಕು. ಇದ್ದಿಲು-ಉಪ್ಪಿನ ಹಳೇ ಪದ್ಧತಿ ನಡೆಯುತ್ತದೆ, ಆದರೆ ಉಪ್ಪು ಕೆಲವು ವರ್ಷದಲ್ಲಿ ಪೈಪನ್ನೇ ತಿನ್ನುತ್ತದೆ. ಬೆಂಟೊನೈಟ್ ಪುಡಿ ತುಂಬಿದರೆ ಅದು ಉಬ್ಬಿ ಪೈಪಿಗೆ ಅಂಟಿಕೊಂಡು ನಿಲ್ಲುತ್ತದೆ. ಮೇಲೆ ನೀರು ಹಾಕಲು ಫನಲ್ ಬಿಟ್ಟು, ಬೇಸಿಗೆಯಲ್ಲಿ ವಾರಕ್ಕೆರಡು ಸಲ ಒಂದು ಬಕೆಟ್ ನೀರು ಹುಯ್ಯಿರಿ. ಅರ್ಥ್ ಟೆಸ್ಟರಿನಲ್ಲಿ 5 ಓಮ್‌ಗಿಂತ ಕಡಿಮೆ ಬಂದರೆ ಕೆಲಸ ಸರಿಯಾಗಿದೆ.

ಟೆಸ್ಟರ್ ಸಿಗದಿದ್ದರೆ ಮಲ್ಟಿಮೀಟರಿನಿಂದ ಅಂದಾಜು ನೋಡಬಹುದು. ಫೇಸ್-ನ್ಯೂಟ್ರಲ್ 230 ಬಂದರೆ ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್-ಅರ್ಥ್ ಎರಡು-ಮೂರು ವೋಲ್ಟ್ ದಾಟಬಾರದು. ಇದನ್ನು ಚಾರ್ಜರ್ ಓಡುತ್ತಿರುವಾಗಲೂ ನೋಡಿರಿ. ಲೋಡಿಲ್ಲದಾಗ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಒಂದು ಕಳ್ಳದಾರಿ ಇದೆ, ಅದರ ಬಗ್ಗೆ ಹುಷಾರಾಗಿರಬೇಕು. ಅರ್ಥ್ ಇಲ್ಲದಿದ್ದರೆ ಕೆಲವು ಚಾರ್ಜರುಗಳು ಕೆಂಪು ದೀಪ ತೋರಿಸಿ ನಿಲ್ಲುತ್ತವೆ. ಆಗ ಸಾಕೆಟ್ಟಿನೊಳಗೆ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ಒಂದು ತುಂಡು ವಾಯರು ಹಾಕಿಬಿಟ್ಟರೆ ದೀಪ ಹಸಿರಾಗುತ್ತದೆ. ಮುಂದೊಂದು ದಿನ ಬೀದಿಯಲ್ಲಿ ನ್ಯೂಟ್ರಲ್ ಕಡಿದರೆ ಗಾಡಿಯ ಲೋಹದ ಮೈಗೆಲ್ಲ 230 ವೋಲ್ಟ್ ಬರುತ್ತದೆ. ಹೊಸ ಪಾಯಿಂಟ್ ಹಾಕಿಸಿದಾಗ ಸಾಕೆಟ್ ಬಿಚ್ಚಿಸಿ ಈ ತುಂಡು ವಾಯರು ಇಲ್ಲವೆಂದು ಕಣ್ಣಾರೆ ನೋಡಿರಿ. ಹಣ ಬಿಗಿಯಾಗಿದ್ದು ಒಂದನ್ನೇ ಮೊದಲು ಮಾಡಿಸುವುದಾದರೆ ಆರ್‌ಸಿಸಿಬಿ ಮೊದಲು ಹಾಕಿಸಿರಿ. ಅರ್ಥಿಂಗು ಅರೆಬರೆ ಇದ್ದರೂ ಜೀವ ಉಳಿಸುವುದು ಅದೇ.

ಹೆಸ್ಕಾಂ ಮತ್ತು ಗೃಹಜ್ಯೋತಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಹೆಸ್ಕಾಂ ವ್ಯಾಪ್ತಿಯವು. ಹಳೇ ಮನೆಗಳ ಮಂಜೂರಾದ ಲೋಡು ಒಂದು-ಎರಡು ಕಿಲೋವ್ಯಾಟ್ ಇರುತ್ತದೆ, ಬಿಲ್ಲಿನಲ್ಲೇ ಬರೆದಿದೆ. 3 ಕಿಲೋವ್ಯಾಟ್ ಚಾರ್ಜರ್ ಸೇರಿದರೆ ಲೋಡು ಹೆಚ್ಚಿಸಿಕೊಳ್ಳಲು ಸೆಕ್ಷನ್ ಆಫೀಸಿಗೆ ಅರ್ಜಿ ಕೊಡಬೇಕು.

ಗೃಹಜ್ಯೋತಿಯ ಲೆಕ್ಕ ಬಹಳ ಮಂದಿಗೆ ಎರಡನೇ ತಿಂಗಳ ಬಿಲ್ಲು ಬಂದಾಗಲೇ ಗೊತ್ತಾಗುತ್ತದೆ. ದಿನಕ್ಕೆ 80 ಕಿ.ಮೀ. ಓಡಿದರೆ ಬ್ಯಾಟರಿಗೆ 5.2 ಯೂನಿಟ್ ಬೇಕು, ಚಾರ್ಜರಿನ ನಷ್ಟ ಸೇರಿ ಮೀಟರಿನಲ್ಲಿ ಸುಮಾರು 6 ಬೀಳುತ್ತದೆ. 26 ದಿನಕ್ಕೆ 156. ಮನೆಯ ಫ್ಯಾನು, ಟಿವಿ, ಫ್ರಿಜ್ ಸೇರಿದರೆ 200 ದಾಟುವುದು ಖಾತ್ರಿ. 200 ದಾಟಿದರೆ ಹೆಚ್ಚುವರಿಗಷ್ಟೇ ಅಲ್ಲ, ಪೂರ್ತಿ ಬಿಲ್ಲನ್ನು ಕಟ್ಟಬೇಕು. ಆದ್ದರಿಂದ ಗಾಡಿಗೆ ಬೇರೆ ಮೀಟರು ಕೊಡುತ್ತಾರೆಯೇ, ಯಾವ ದರದಲ್ಲಿ ಎಂದು ಮೊದಲೇ ಕೇಳಿಕೊಳ್ಳಿರಿ. ಬಾಡಿಗೆ ಹೊಡೆಯುವ ಗಾಡಿ ಎಂಬುದನ್ನು ಮುಚ್ಚಿಡದೆ ಹೇಳಿಯೇ ಕೇಳಿರಿ. ಪ್ರತ್ಯೇಕ ಮೀಟರಿನಲ್ಲಿ ಯೂನಿಟ್ಟಿಗೆ 7 ರೂಪಾಯಿ ಎಂದು ಹಿಡಿದರೂ ದಿನದ ಖರ್ಚು 42 ರೂ. ಪೆಟ್ರೋಲ್ ಆಟೊ ಲೀಟರಿಗೆ 30 ಕಿ.ಮೀ. ಕೊಟ್ಟರೂ ಅದೇ 80 ಕಿ.ಮೀ.ಗೆ ಎರಡೂವರೆ ಲೀಟರಿಗಿಂತ ಹೆಚ್ಚು ಬೇಕು.

ಸ್ವಂತ ಛಾವಣಿ ಇರುವವರು ಸೋಲಾರಿನ ಲೆಕ್ಕವನ್ನೂ ಹಾಕಬಹುದು. ನಮ್ಮ ಕಡೆಯ ಬಿಸಿಲಿಗೆ ಒಂದು ಕಿಲೋವ್ಯಾಟ್ ಪ್ಯಾನೆಲ್ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, ಆಟೊದ 6 ಯೂನಿಟ್ಟಿಗೆ ಒಂದೂವರೆ ಕಿಲೋವ್ಯಾಟ್ ಸಾಕು. ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರವರಿಯಲ್ಲಿ ಶುರುವಾದದ್ದು. ಮೊದಲ 2 ಕಿಲೋವ್ಯಾಟ್ ತನಕ ಕಿಲೋವ್ಯಾಟಿಗೆ 30 ಸಾವಿರ ರೂ., 3 ಕಿಲೋವ್ಯಾಟ್ ಮತ್ತು ಮೇಲ್ಪಟ್ಟದ್ದಕ್ಕೆ ಒಟ್ಟು 78 ಸಾವಿರ ಸಬ್ಸಿಡಿ. ಹಗಲು ಗಾಡಿ ಬೀದಿಯಲ್ಲಿರುತ್ತದೆ ನಿಜ. ನೆಟ್ ಮೀಟರ್ ಇದ್ದರೆ ಹಗಲು ಹೆಸ್ಕಾಂ ಲೈನಿಗೆ ಕೊಟ್ಟದ್ದು ಬಿಲ್ಲಿನ ಲೆಕ್ಕಕ್ಕೆ ಬರುತ್ತದೆ. ಇಲ್ಲದಿದ್ದರೆ, ಜಿಲ್ಲೆಯ ಕೂಡಗಿಯಲ್ಲೇ 2400 ಮೆಗಾವ್ಯಾಟಿನ ಕಲ್ಲಿದ್ದಲು ಸ್ಥಾವರ ಇರುವಾಗ ನಮ್ಮ ಆಟೊ ಪೂರ್ತಿ ಹೊಗೆಯಿಲ್ಲದ್ದು ಎಂದು ಎದೆ ತಟ್ಟಿಕೊಳ್ಳುವಂತಿಲ್ಲ. ಹೊಗೆ ಗಾಂಧಿ ಚೌಕದಲ್ಲಿ ಬರುವುದಿಲ್ಲ, ಅಷ್ಟು ಮಾತ್ರ ಸತ್ಯ.

ಈಗ ಗಾಡಿ

ಇ-ರಿಕ್ಷಾ ಬೇರೆ, ಎಲ್-5 ವರ್ಗದ (ತಾಸಿಗೆ 25 ಕಿ.ಮೀ. ಮೀರಿ ಓಡುವ ಮೂರು ಚಕ್ರದ ಗಾಡಿಗಳ ವರ್ಗ) ಇ-ಆಟೊ ಬೇರೆ. ಇ-ರಿಕ್ಷಾಕ್ಕೆ ತಾಸಿಗೆ 25 ಕಿ.ಮೀ. ವೇಗದ ಮಿತಿ, ಹೆಚ್ಚಿನವು ಲೆಡ್-ಆಸಿಡ್ ಬ್ಯಾಟರಿಯವು. ಬೆಲೆ ಕಡಿಮೆ, ಆದರೆ ದಿನಾ ದುಡಿಸಿದರೆ ಒಂದು-ಒಂದೂವರೆ ವರ್ಷಕ್ಕೆ ಬ್ಯಾಟರಿ ಸೆಟ್ಟು ಬದಲಿಸುವ ಖರ್ಚು, ಎಂಟ್ಹತ್ತು ತಾಸಿನ ಚಾರ್ಜಿಂಗು. ಬಾಡಿಗೆ ಹೊಡೆಯುವವರಿಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ ಬ್ಯಾಟರಿಯ ಎಲ್-5 ಗಾಡಿಯೇ ಸರಿ. ಸೆಕೆ ತಡೆಯುವುದರಲ್ಲಿ ಉಳಿದ ಲಿಥಿಯಂ ಬ್ಯಾಟರಿಗಳಿಗಿಂತ ಇದು ಮೇಲು. ಬ್ಯಾಟರಿಗೆ ಎಐಎಸ್-156 ಎಂಬ ಸುರಕ್ಷತಾ ಮಾನದಂಡದ ಪ್ರಮಾಣಪತ್ರ ಇದೆಯೇ ಎಂದು ಕೇಳಿರಿ. ಅದರ ಬಿಗಿ ಮಾಡಿದ ನಿಯಮದ ಎರಡನೇ ಹಂತ 2023ರ ಮಾರ್ಚ್ 31ರಿಂದ ಜಾರಿಯಲ್ಲಿದೆ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಬ್ಯಾಟರಿಯ ತಯಾರಿ ತಿಂಗಳು ಓದಲೇಬೇಕು.

ಟೆಸ್ಟ್ ಡ್ರೈವ್ ಬೆಳಗಿನ ತಂಪಿನಲ್ಲಿ ಒಬ್ಬರೇ ಮಾಡಿದರೆ ಏನೂ ತಿಳಿಯುವುದಿಲ್ಲ. ಮಧ್ಯಾಹ್ನ ಎರಡಕ್ಕೆ, ಹಿಂದೆ ಮೂರು ಮಂದಿ ಕೂರಿಸಿಕೊಂಡು, ರೈಲ್ವೆ ಓವರ್‌ಬ್ರಿಜ್ ಹತ್ತುವಾಗ ಮಧ್ಯದಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಿರಿ.

ಹೆದ್ದಾರಿ ಪಕ್ಕದ ಕಾರಿನ ಫಾಸ್ಟ್ ಚಾರ್ಜರ್ ನೋಡಿ ಆಸೆಪಡಬೇಡಿರಿ. ಹೆಚ್ಚಿನ ಇ-ಆಟೊಗಳ ಬ್ಯಾಟರಿ 48-51 ವೋಲ್ಟಿನದು, ಆ ಚಾರ್ಜರ್ ಅದಕ್ಕೆ ಹೊಂದುವುದೇ ಇಲ್ಲ. ಬ್ಯಾಟರಿ ಅದಲು-ಬದಲು ಮಾಡುವ ಮಾದರಿಯ ಗಾಡಿ ಕೊಳ್ಳುವವರು ಅಂಥ ಕೇಂದ್ರ ಊರಲ್ಲಿ ಎರಡಾದರೂ ನಡೆಯುತ್ತಿದೆಯೇ ಎಂದು ಹೋಗಿ ನೋಡಿ ಬರಬೇಕು.

ಕಾಗದಪತ್ರ: ಬ್ಯಾಟರಿ ವಾಹನಗಳಿಗೆ ಪರ್ಮಿಟ್ ಬೇಡವೆಂದು ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲಿ, ನೋಂದಣಿ ಶುಲ್ಕ ಬೇಡವೆಂದು 2021ರ ಆಗಸ್ಟ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಜಿಎಸ್‌ಟಿ 5%. ಬಾಡಿಗೆ ಗಾಡಿಗೆ ಹಸಿರು ಫಲಕದ ಮೇಲೆ ಹಳದಿ ಅಕ್ಷರ. ಇನ್ಶೂರೆನ್ಸಿಗೂ ಎಫ್‌ಸಿಗೂ ವಿನಾಯಿತಿ ಇಲ್ಲ. ಊರೊಳಗೆ ಓಡಿಸುವ ಸ್ಥಳೀಯ ಷರತ್ತುಗಳನ್ನು ಆರ್‌ಟಿಒ ಕಚೇರಿಯಲ್ಲೇ ಕೇಳಿರಿ, ಏಜೆಂಟರ ಬಾಯಿಂದಲ್ಲ. ಸರ್ಕಾರದ ಸಬ್ಸಿಡಿ ಇದೆ ಎಂದು ಡೀಲರ್ ಹೇಳಿದರೆ ಅದು ಬಿಲ್ಲಿನಲ್ಲೇ ಕಡಿತವಾಗಿರಬೇಕು. "ಆಮೇಲೆ ಖಾತೆಗೆ ಬರ್ತದ" ಎಂದರೆ ಎದ್ದು ಬರುವುದೇ ವಾಸಿ.

ಕಂತಿನ ಒಳಗುಟ್ಟು

"ಬಡ್ಡಿ 12 ಪರ್ಸೆಂಟು" ಎಂದಾಗ ಫ್ಲ್ಯಾಟೋ (ಕೊನೆಯ ತನಕ ಮೊದಲಿನ ಪೂರ್ತಿ ಸಾಲದ ಮೇಲೆ ಬಡ್ಡಿ), ರೆಡ್ಯೂಸಿಂಗೋ (ತೀರಿಸಲು ಉಳಿದ ಸಾಲದ ಮೇಲಷ್ಟೇ ಬಡ್ಡಿ) ಎಂದು ಕೇಳಿರಿ. ಮೂರು ಲಕ್ಷ, ಮೂರು ವರ್ಷ ಎಂದಿಟ್ಟುಕೊಳ್ಳಿರಿ. ಫ್ಲ್ಯಾಟ್ ಲೆಕ್ಕದಲ್ಲಿ ಬಡ್ಡಿ 1,08,000 ಆಗಿ ಕಂತು 11,333 ರೂ. ರೆಡ್ಯೂಸಿಂಗ್ ಲೆಕ್ಕದಲ್ಲಿ ಕಂತು 9,964 ರೂ. ಮೂರು ವರ್ಷಕ್ಕೆ ವ್ಯತ್ಯಾಸ 49 ಸಾವಿರದ ಮೇಲೆ. ಫ್ಲ್ಯಾಟ್ 12 ಎಂದರೆ ನಿಜವಾಗಿ ಸುಮಾರು 21 ಪರ್ಸೆಂಟು ಬಡ್ಡಿ. ಪ್ಲಗ್ಗು, ವಾಯರು, ಅರ್ಥಿಂಗು ಎಲ್ಲ ಸೇರಿದರೂ ಇಷ್ಟು ಖರ್ಚಾಗುವುದು ಅಪರೂಪ.

ಬೇಸಿಗೆಯಲ್ಲಿ ಚಾರ್ಜ್ ಹಚ್ಚುವುದು

ಎಲ್‌ಎಫ್‌ಪಿ ಸೆಲ್ಲುಗಳು ಚಾರ್ಜ್ ತೆಗೆದುಕೊಳ್ಳಲು ಒಪ್ಪುವುದು ಸಾಮಾನ್ಯವಾಗಿ 0ಯಿಂದ 45 ಡಿಗ್ರಿ ಒಳಗೆ. ವಿಜಯಪುರದ ಏಪ್ರಿಲ್-ಮೇನಲ್ಲಿ ಹೊರಗೇ 40 ದಾಟಿರುತ್ತದೆ, ಓಡಿ ಬಂದ ಪ್ಯಾಕಿನೊಳಗೆ ಇನ್ನೂ ಹೆಚ್ಚು. ಆಗ ಚಾರ್ಜ್ ಹಚ್ಚಿದರೆ ಒಳಗಿರುವ ಬಿಎಂಎಸ್ ಎಂಬ ಕಾವಲು ಸರ್ಕೀಟು ತಡೆಯುತ್ತದೆ ಅಥವಾ ನಿಧಾನ ಮಾಡುತ್ತದೆ. ತಡೆಯದಿದ್ದರೆ ಸೆಲ್ಲಿನ ಆಯುಷ್ಯ ಕರಗುತ್ತದೆ. ಗಾಡಿ ನಿಂತು ಮುಕ್ಕಾಲು ತಾಸಾದ ಮೇಲೆ ಹಚ್ಚಿರಿ. ತಗಡಿನ ಶೆಡ್ಡಿನಲ್ಲಿ ನಿಲ್ಲಿಸುವವರು ಮೇಲೆ ಹಸಿರು ಶೇಡ್ ನೆಟ್ ಕಟ್ಟಿ, ಎರಡೂ ಬದಿ ಗಾಳಿಗೆ ತೆರೆದಿಡಿರಿ.

ಎಲ್ಲಕ್ಕಿಂತ ಒಳ್ಳೆಯ ಹೊತ್ತು ರಾತ್ರಿ ಒಂದರಿಂದ ಬೆಳಗಿನ ಐದು. ಪ್ಯಾಕು ತಣ್ಣಗಿರುತ್ತದೆ, ವೋಲ್ಟೇಜೂ ಏರಿರುತ್ತದೆ. ನಿದ್ದೆಗೆಟ್ಟು ಸ್ವಿಚ್ ಹಾಕಬೇಕಿಲ್ಲ, ಟೈಮರ್ ಹಾಕಬಹುದು. ಆದರೆ ಆನ್‌ಲೈನಿನಲ್ಲಿ ಸಿಗುವ ವೈ-ಫೈ ಸ್ಮಾರ್ಟ್ ಪ್ಲಗ್ಗು ಇದಕ್ಕೆ ಬೇಡ. 16 ಆಂಪಿಯರ್ ಎಂದು ಬರೆದಿದ್ದರೂ ಅದರೊಳಗಿನ ರಿಲೇ ಎಂಬ ಪುಟ್ಟ ಸ್ವಿಚ್ಚು ತಾಸುಗಟ್ಟಲೆ 14 ಆಂಪಿಯರ್ ಹೊತ್ತು ಅಂಟಿಕೊಂಡುಬಿಡುವ ಸಾಧ್ಯತೆ ಇದೆ. ಬೋರ್ಡಿನಲ್ಲಿ ಒಂದು ಡಿಜಿಟಲ್ ಟೈಮರ್, ಅದರ ಹೇಳಿಕೆಯಂತೆ ಆನ್-ಆಫ್ ಆಗುವ 25 ಆಂಪಿಯರ್ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟ್ ಹೊರುವ ಸ್ವಿಚ್ಚು) ಹಾಕಿಸಿರಿ. ಮೊದಲ ವಾರ ಚಾರ್ಜ್ ಶುರುವಾಗಿ ಅರ್ಧ ತಾಸಿಗೆ ಪ್ಲಗ್ಗು ಮುಟ್ಟಿ ನೋಡುವುದು ರೂಢಿಯಾಗಲಿ. ಬೆಚ್ಚಗಿದ್ದರೆ ನಡೆಯುತ್ತದೆ. ಬೆರಳು ಇಟ್ಟುಕೊಳ್ಳಲು ಆಗದಷ್ಟು ಬಿಸಿಯಾದರೆ ಪ್ಲಗ್ಗು ಮಾತ್ರವಲ್ಲ, ಸಾಕೆಟ್ಟನ್ನೂ ಬದಲಿಸಬೇಕು; ಒಳಗಿನ ಸ್ಪ್ರಿಂಗು ಸಡಿಲಾಗಿರುತ್ತದೆ.

ದಿನಾ 20ರಿಂದ 80-90% ನಡುವೆ ಇಟ್ಟುಕೊಂಡರೆ ಒಳ್ಳೆಯದು. ಆದರೆ ವಾರಕ್ಕೊಮ್ಮೆ 100% ತನಕ ಏರಿಸಿ, ಆಮೇಲೂ ಒಂದು ತಾಸು ಪ್ಲಗ್ಗು ತೆಗೆಯದೆ ಬಿಡಬೇಕು. ಎಲ್‌ಎಫ್‌ಪಿ ಸೆಲ್ಲಿನ ವೋಲ್ಟೇಜು ನಡುವೆ ಬಹುತೇಕ ಒಂದೇ ಮಟ್ಟದಲ್ಲಿರುವುದರಿಂದ ಬಿಎಂಎಸ್‌ಗೆ ಸರಿಯಾದ ಪರ್ಸೆಂಟು ಗೊತ್ತಾಗುವುದು ತುದಿ ಮುಟ್ಟಿದಾಗ ಮಾತ್ರ. ಹಾಗೆ ಮಾಡದವರ ಗಾಡಿಯೇ 30% ತೋರಿಸುತ್ತ ತೋರಿಸುತ್ತ ಏಕಾಏಕಿ ನಡುರಸ್ತೆಯಲ್ಲಿ ನಿಲ್ಲುವುದು.

ಮನೆಗಿರುವ ಒಂದೇ ಬಾಗಿಲಿನ ಮುಂದೆ ಅಥವಾ ಮೆಟ್ಟಿಲ ಕೆಳಗೆ ಚಾರ್ಜ್ ಹಚ್ಚಬೇಡಿರಿ. ಪ್ಯಾಕಿನಿಂದ ಹೊಗೆ ಬಂದರೆ ಮನೆಯವರನ್ನೆಲ್ಲ ದೂರ ಕಳಿಸಿ, ಕೈಗೆ ಸಿಗುವ ಹಾಗಿದ್ದರೆ ಮೇನ್ ಆಫ್ ಮಾಡಿ, 112ಕ್ಕೆ ಫೋನ್ ಮಾಡಿರಿ. ಹತ್ತಿರ ಹೋಗಿ ಪ್ಯಾಕು ಬಿಚ್ಚಲು ನೋಡುವುದು ಬೇಡ.

ರಸ್ತೆಯಲ್ಲಿ

ಮೂರು ಸೀಟಿನ ಗಾಡಿಗೆ ಆರು ಮಂದಿ ತುಂಬಿದರೆ ಓವರ್‌ಬ್ರಿಜ್ ಮೇಲೆ ಕರೆಂಟ್ ಮಿತಿ ಮೀರಿ ಬಿಎಂಎಸ್ ಗಾಡಿಯನ್ನು ಆರಿಸಿಬಿಡುತ್ತದೆ. ಕೀ ಆಫ್ ಮಾಡಿ ಒಂದು ನಿಮಿಷ ಬಿಟ್ಟು ಆನ್ ಮಾಡಿದರೆ ಎದ್ದೇಳುತ್ತದೆ, ಆದರೆ ಇಬ್ಬರನ್ನು ಇಳಿಸಿಯೇ ಮುಂದೆ ಹೋಗಬೇಕು. ಬೆಳಗ್ಗೆ 100% ಇದ್ದಾಗ ಆಕ್ಸಲರೇಟರ್ ಬಿಟ್ಟರೂ ಗಾಡಿ ಎಂದಿನಂತೆ ಹಿಡಿಯುವುದಿಲ್ಲ. ತುಂಬಿದ ಬ್ಯಾಟರಿಗೆ ಇನ್ನಷ್ಟು ಕರೆಂಟ್ ಹಾಕಲಾಗದ್ದರಿಂದ ರೀಜೆನ್ ಬ್ರೇಕ್ (ಮೋಟಾರು ಬ್ಯಾಟರಿಗೆ ಕರೆಂಟ್ ವಾಪಸ್ ಕೊಡುತ್ತ ವೇಗ ಇಳಿಸುವುದು) ಕೆಲಸ ಮಾಡದು. ಮೊದಲ ಎರಡು ಕಿ.ಮೀ. ಕಾಲಿನ ಬ್ರೇಕನ್ನೇ ನಂಬಿರಿ.

ಹಾರ್ನು, ಹೆಡ್‌ಲೈಟು ಮಂಕಾದರೆ ದೊಡ್ಡ ಬ್ಯಾಟರಿ ಹೋಯಿತೆಂದು ಗಾಬರಿ ಬೇಡ. ಅದು 12 ವೋಲ್ಟಿನ ಚಿಕ್ಕ ಬ್ಯಾಟರಿ ಅಥವಾ ಡಿಸಿ ಕನ್ವರ್ಟರಿನ ತೊಂದರೆ. ಮೈಲೇಜು ಮೆಲ್ಲಗೆ ಇಳಿಯುತ್ತ ಬಂದರೆ ಮೊದಲು ಟೈರಿನ ಗಾಳಿ, ಆಮೇಲೆ ಗಾಡಿ ನಿಲ್ಲಿಸಿದ ಕೂಡಲೇ ಮೂರೂ ಚಕ್ರದ ಹಬ್ಬು ಮುಟ್ಟಿ ನೋಡುವುದು. ಒಂದು ಮಾತ್ರ ಹೆಚ್ಚು ಬಿಸಿ ಇದ್ದರೆ ಅಲ್ಲಿ ಬ್ರೇಕು ಹಿಡಿದುಕೊಂಡಿದೆ. ತೊಳೆಯುವಾಗ ಸರ್ವೀಸ್ ಸ್ಟೇಷನ್ನಿನ ಪ್ರೆಷರ್ ನೀರು ಕಾಂಟ್ರೋಲರ್, ಮೋಟಾರಿನ ಕನೆಕ್ಟರುಗಳ ಮೇಲೆ ಬೀಳಬಾರದು. ಕೆಟ್ಟು ನಿಂತರೆ ಹಿಂದಿನ ಚಕ್ರ ನೆಲದ ಮೇಲಿಟ್ಟು ಹಗ್ಗ ಕಟ್ಟಿ ಜೋರಾಗಿ ಎಳೆಯಬೇಡಿರಿ. ತಿರುಗುವ ಮೋಟಾರು ತಾನೇ ಕರೆಂಟು ಹುಟ್ಟಿಸಿ ಕಾಂಟ್ರೋಲರನ್ನು ಸುಡಬಹುದು. ಹಿಂಬದಿ ಎತ್ತಿ ಒಯ್ಯಬೇಕು.

ಬ್ಯಾಟರಿಯ ಲೆಕ್ಕಪುಸ್ತಕ

ಚಾರ್ಜಿಂಗ್ ಲೈನಿಗೆ ಒಂದು ಸಬ್-ಮೀಟರು ಹಾಕಿಸಿ, ತಿಂಗಳಿಗೊಮ್ಮೆ 20%ನಿಂದ 100% ತನಕ ಚಾರ್ಜ್ ಮಾಡಿ ಯೂನಿಟ್ ಬರೆದಿಡಿರಿ. 7.4 ಕಿಲೋವ್ಯಾಟ್-ಅವರ್ ಬ್ಯಾಟರಿ ಹೊಸದಿದ್ದಾಗ ಸುಮಾರು 6.8 ಯೂನಿಟ್ ಹಿಡಿಯುತ್ತದೆ. ಅದೇ 5.8ಕ್ಕೆ ಇಳಿದರೆ ಸಾಮರ್ಥ್ಯ ಸುಮಾರು 15% ಹೋಗಿದೆ ಎಂದರ್ಥ. ವಾರಂಟಿ ಪುಸ್ತಕದಲ್ಲಿ ಎಷ್ಟು ಪರ್ಸೆಂಟಿಗೆ ಇಳಿದರೆ ಬದಲಿಸಿಕೊಡುತ್ತಾರೆ ಎಂಬ ಸಾಲು ಹುಡುಕಿ ಗೆರೆ ಎಳೆದಿಡಿರಿ. "ಮೈಲೇಜು ಕಮ್ಮಿ ಬರಾಕತ್ತೇತಿ" ಎಂಬ ಮಾತಿಗಿಂತ ದಿನಾಂಕದೊಂದಿಗೆ ಬರೆದ ಈ ಪಟ್ಟಿಗೆ ಸರ್ವೀಸ್ ಸೆಂಟರಿನಲ್ಲಿ ತೂಕ ಹೆಚ್ಚು. ನಿಗದಿತ ಸರ್ವೀಸ್ ತಪ್ಪಿಸುವುದು, ಬೇರೆ ಚಾರ್ಜರ್ ಬಳಸುವುದು, ಗಾಡಿಯಲ್ಲಿರುವ ಸಿಮ್‌ನ ಡೇಟಾ ರಿಚಾರ್ಜ್ ನಿಲ್ಲಿಸುವುದು, ಈ ಮೂರರ ಮೇಲೆ ಕ್ಲೇಮು ಬೀಳಿಸುವ ಷರತ್ತು ಇದೆಯೇ ನೋಡಿಕೊಳ್ಳಿರಿ.

ಹಬ್ಬಕ್ಕೋ ಊರಿಗೋ ಹೋಗಿ ಗಾಡಿ ಹತ್ತಾರು ದಿನ ನಿಲ್ಲಿಸುವುದಿದ್ದರೆ 50-60% ಇಟ್ಟು, ಬ್ಯಾಟರಿ ಸ್ವಿಚ್ ಇದ್ದರೆ ಆರಿಸಿ ಹೋಗಿರಿ. 10% ಇದ್ದಾಗ ನಿಲ್ಲಿಸಿ ಹೋದರೆ ಜಿಪಿಎಸ್ ಪೆಟ್ಟಿಗೆ ಉಳಿದದ್ದನ್ನೂ ಹೀರಿ ಪ್ಯಾಕು ಏಳದಂತಾಗಬಹುದು.

ಕೊನೆಗೆ ಪ್ಯಾಕು ಸೋತಾಗ ಗುಜರಿಯವರಿಗೆ ತೂಕಕ್ಕೆ ಹಾಕಬೇಡಿರಿ. ಅವರು ಬಿಚ್ಚುವಾಗ ಶಾರ್ಟ್ ಆದರೆ ಬೆಂಕಿ ಹತ್ತಬಹುದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ ಹಳೆಯ ಬ್ಯಾಟರಿ ವಾಪಸ್ ಪಡೆದು ವಿಲೇವಾರಿ ಮಾಡಿಸುವ ಹೊಣೆ ತಯಾರಕರದು. ಹೊಸ ಪ್ಯಾಕಿನ ದರ ಮಾತಾಡುವಾಗಲೇ ಹಳೆಯದಕ್ಕೆ ಎಷ್ಟು ಕಳೆಯುತ್ತೀರಿ ಎಂದು ಕೇಳಿ, ಹಳೇ ಪ್ಯಾಕಿನ ಸೀರಿಯಲ್ ನಂಬರ್ ಬರೆದ ರಸೀದಿ ಪಡೆದೇ ಕೊಡಿರಿ.